ವಜ್ರದ ಮೇಲೊಂದು ತೆಳು ಪದರ

ವಜ್ರದಲ್ಲಿ ಇಂಗಾಲದ ಪ್ರತಿಯೊಂದು ಪರಮಾಣುವೂ ಸುತ್ತಲಿನ ನಾಲ್ಕನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಅದರ ಗಟ್ಟಿತನ ಬಂದದ್ದು ಅಲ್ಲಿಂದ. ಯಾರನ್ನೂ ಸುಲಭಕ್ಕೆ ಹತ್ತಿರ ಸೇರಿಸದ ಸ್ವಭಾವ ಬಂದದ್ದೂ ಅಲ್ಲಿಂದಲೇ. ಆಮ್ಲದಲ್ಲಿ ಕುದಿಸಿದರೂ ಜಗ್ಗದು. ಇಂಥದರ ಮೇಲೆ ನೀರಿನಲ್ಲೇ ಬಾಳುವ ಮೆತ್ತನೆಯ ಪ್ರೋಟೀನನ್ನೋ ಡಿಎನ್‌ಎಯನ್ನೋ ನೆಲೆಯಾಗಿ ಕೂರಿಸುವುದು ಹೇಗೆ?

ಕೂರಿಸುವ ಆಸೆಗೆ ಕಾರಣ ವಜ್ರದೊಳಗಿನ ಒಂದು ಕೊರತೆ. ಒಂದು ಇಂಗಾಲದ ಜಾಗಕ್ಕೆ ಸಾರಜನಕ ಬಂದು, ಪಕ್ಕದ ಜಾಗ ಖಾಲಿ ಉಳಿದರೆ, ಹಸಿರು ಬೆಳಕು ಬಿದ್ದಾಗ ಆ ಬಿಂದು ಕೆಂಪಗೆ ಹೊಳೆಯುತ್ತದೆ. ಬಳಿಯಲ್ಲಿರುವ ಅಣುಗಳ ಅತಿ ಸಣ್ಣ ಕಾಂತೀಯ ಮಿಡಿತವನ್ನೂ ಆ ಹೊಳಪಿನ ಏರಿಳಿತದಲ್ಲಿ ಓದಬಹುದು. ವಜ್ರಕ್ಕೆ ಕಿವಿ ಮೂಡಿದ್ದು ಆ ಖಾಲಿ ಜಾಗದಲ್ಲಿ. ನನಗೆ ಅದರ ಬೆಲೆಬಾಳುವ ಹೊಳಪಿಗಿಂತ ಇದೇ ದೊಡ್ಡದಾಗಿ ಕಾಣುತ್ತದೆ.

ಆದರೆ ಆ ಕಿವಿಗೆ ದೂರದ ಮಾತು ಕೇಳಿಸದು. ಅಂತರ ಇಮ್ಮಡಿಯಾದರೆ ಅಣುವಿನ ಕಾಂತಕ್ಷೇತ್ರ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಅಂಟಿಸುವ ಪದರ ದಪ್ಪವಾಯಿತೋ, ಅಂಟಿಸಿದ್ದೇ ವ್ಯರ್ಥ.

ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 2002ರಲ್ಲೇ ನೇರಳಾತೀತ ಬೆಳಕಿನ ನೆರವಿನಿಂದ ವಜ್ರದ ಮೇಲೆ ಡಿಎನ್‌ಎ ನಿಲ್ಲಿಸಿದ್ದರು. ಷಿಕಾಗೊ ವಿಶ್ವವಿದ್ಯಾಲಯದ ತಂಡ 2022ರಲ್ಲಿ ಬೇರೊಂದು ದಾರಿ ತೋರಿತು. ಮೊದಲು ವಜ್ರಕ್ಕೆ ಅಲ್ಯೂಮಿನಾದ ಲೇಪ, ದಪ್ಪ ಸುಮಾರು 2 ನ್ಯಾನೋಮೀಟರ್. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವರು ಕರಗಿದ ತವರವನ್ನು ಹತ್ತಿಯಿಂದ ಒರೆಸುತ್ತ ತೆಳ್ಳಗೆ ಹರಡುವುದನ್ನು ಕಂಡವರಿಗೆ ಈ ಕೆಲಸದ ನಾಜೂಕು ತಿಳಿದೀತು. ಇಲ್ಲಿ ಪದರ ಬೆಳೆಯುವುದು ಪರಮಾಣುಗಳ ಲೆಕ್ಕದಲ್ಲಿ, ಪ್ರತಿ ಸುತ್ತಿನಲ್ಲೂ ನ್ಯಾನೋಮೀಟರಿನ ಹತ್ತನೇ ಒಂದರಷ್ಟು. ಅದರ ಮೇಲೆ ಪಾಲಿಎಥಿಲೀನ್ ಗ್ಲೈಕಾಲಿನ ಎಳೆಗಳು. ಕಂಡಕಂಡ ಪ್ರೋಟೀನುಗಳು ಬಂದು ಮೆತ್ತಿಕೊಳ್ಳದಂತೆ ಇವು ಕಾಯುತ್ತವೆ. ನಡುವೆ ಅಲ್ಲೊಂದು ಇಲ್ಲೊಂದು ಎಳೆಯ ತುದಿಯಲ್ಲಿ ಮಾತ್ರ ಕೊಂಡಿ. ಬೇಕಾದ ಅಣು ಅಲ್ಲಿಗೇ ಬಂದು ಸೇರುತ್ತದೆ. ಕೊಂಡಿಗಳು ಎಷ್ಟಿರಬೇಕೆಂಬುದೂ ನಮ್ಮ ಕೈಯಲ್ಲಿ. ನೂಕುನುಗ್ಗಲಾದರೆ ಯಾವ ದನಿ ಯಾರದೆಂದು ತಿಳಿಯುವುದು ಹೇಗೆ?

ಎಲ್ಲ ಸೇರಿ ದಪ್ಪ 5 ನ್ಯಾನೋಮೀಟರ್ ದಾಟಲಿಲ್ಲ. ಮೇಲ್ಮೈಯಿಂದ 10 ನ್ಯಾನೋಮೀಟರಿಗಿಂತ ಕಡಿಮೆ ಆಳದಲ್ಲಿದ್ದ ಆ ಬಿಂದುಗಳು ಕೇಳುವ ಶಕ್ತಿ ಉಳಿಸಿಕೊಂಡವು.

ವಜ್ರವನ್ನು ಮೆದು ಮಾಡಲು ಯಾರೂ ಹೋಗಲಿಲ್ಲ, ಪ್ರೋಟೀನನ್ನು ಗಟ್ಟಿ ಮಾಡಲೂ ಇಲ್ಲ. ಎರಡನ್ನೂ ಇದ್ದಂತೆಯೇ ಬಿಟ್ಟು, ನಡುವೆ ಬೇಕಾದಷ್ಟೇ ಇಟ್ಟರು. ಮನುಷ್ಯರ ನಡುವೆ ನಿಂತು ಮಾತು ಬೆಸೆಯುವವರಿಗೂ ಈ ಅಳತೆ ಗೊತ್ತಿರುತ್ತದೆ: ಸ್ವಲ್ಪ ಹೆಚ್ಚಾದರೆ ತಾವೇ ಗೋಡೆಯಾಗುತ್ತಾರೆ.

ನಿಮ್ಮ ಮನೆಯಲ್ಲೂ ಯಾರನ್ನೂ ಹತ್ತಿರ ಬಿಟ್ಟುಕೊಳ್ಳದೆ ಗಟ್ಟಿಯಾಗಿ ಕುಳಿತವರೊಬ್ಬರು ಇರಬಹುದು. ಇವತ್ತು ಕಾಫಿ ಲೋಟ ಹಿಡಿದು ಅವರ ಪಕ್ಕ ಹೋಗಿ ಕುಳಿತುಕೊಳ್ಳಿ. ಹೆಚ್ಚು ಮಾತು ಬೇಡ.