ಹೊಳೆಯಾಚೆ ಬಿಟ್ಟ ಮರಿ

ಬೆಕ್ಕನ್ನು ಕೊಲ್ಲಬಾರದೆಂಬ ನಂಬಿಕೆ ಹಳೆ ಮೈಸೂರು ಸೀಮೆಯ ಮನೆಗಳಲ್ಲಿ ಇಂದಿಗೂ ಗಟ್ಟಿಯಾಗಿದೆ. ಕೊಂದವರು ಚಿನ್ನದ ಬೆಕ್ಕು ಮಾಡಿಸಿ ದಾನ ಕೊಡಬೇಕಾಗುತ್ತದೆ ಎಂದು ಹಿರಿಯರು ಹೆದರಿಸುತ್ತಾರೆ. ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯವೂ ಬೆಕ್ಕು, ಮುಂಗುಸಿ, ಕಪ್ಪೆಗಳನ್ನು ಕೊಂದದ್ದಕ್ಕೆ ಪ್ರಾಯಶ್ಚಿತ್ತ ಹೇಳುತ್ತದೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಬೆಕ್ಕಳಲೆಯಲ್ಲಿ ಮಂಗಮ್ಮ ದೇವಿ ಬೆಕ್ಕಿನ ರೂಪದಲ್ಲಿ ಊರಿಗೆ ಬಂದಳೆಂಬ ಐತಿಹ್ಯವಿದೆ. ಅಲ್ಲಿ ಬೆಕ್ಕಿಗೇ ಗುಡಿ ಕಟ್ಟಿ ಪೂಜೆ ಮಾಡುತ್ತಾರೆ, ಬೆಕ್ಕು ಸತ್ತರೆ ಮರ್ಯಾದೆಯಿಂದ ಮಣ್ಣು ಮಾಡುತ್ತಾರೆ.

ಇಷ್ಟು ಭಯಭಕ್ತಿ ಇರುವ ಸೀಮೆಯಲ್ಲೇ ಬೇಡವಾದ ಕೊತ್ತಿಮರಿಗಳು ಗೋಣಿಚೀಲ ಸೇರಿ ಊರಾಚೆಗೆ ಹೋಗುತ್ತವೆ. ಇದು ಮೇಲುನೋಟಕ್ಕೆ ವಿರೋಧ ಎನಿಸಿದರೂ ಒಂದರಿಂದ ಇನ್ನೊಂದು ಹುಟ್ಟಿದ್ದು. ಕೊಂದರೆ ಪಾಪ, ಸಾಕಲು ಆಗದು. ಹಾಗಾಗಿ ಬಿಟ್ಟು ಬರುವ ದಾರಿಯೊಂದೇ ಉಳಿಯುತ್ತದೆ. ಬೆಕ್ಕು ಎಲ್ಲಿ ಬಿಟ್ಟರೂ ಮನೆಯ ದಾರಿ ಹಿಡಿಯುತ್ತದೆ, ಹೊಳೆ ದಾಟಿಸಿದರೆ ಮಾತ್ರ ಬಾರದು ಎಂಬ ಮಾತಿದೆ. ಕಾವೇರಿಯ ಎರಡು ಕವಲುಗಳ ನಡುವಿನ ಶ್ರೀರಂಗಪಟ್ಟಣ ದ್ವೀಪದಲ್ಲಿ, ಅದರ ಪೂರ್ವದ ಗಂಜಾಂನಲ್ಲಿ, ಯಾವ ಕಡೆ ಹೊರಟರೂ ಹೊಳೆ ಹತ್ತಿರವೇ. ಗುಡಿಯ ಬಾಗಿಲಲ್ಲಿ ಬಿಡುವವರಿಗೆ ಇನ್ನೂ ಒಂದು ಸಮಾಧಾನವಿರುತ್ತದೆ: ಪ್ರಸಾದ ಸಿಗುತ್ತದೆ, ದೇವರು ನೋಡಿಕೊಳ್ಳುತ್ತಾನೆ. ಈ ಸಮಾಧಾನಕ್ಕೆ ಧರ್ಮದ ಒಪ್ಪಿಗೆ ಇದೆಯೇ ಎಂಬುದೇ ಪ್ರಶ್ನೆ.

ಮಹಾಭಾರತದ ಮಹಾಪ್ರಸ್ಥಾನಿಕ ಪರ್ವದ ಉತ್ತರ ಸ್ಪಷ್ಟವಾಗಿದೆ. ನಾಯಿಯನ್ನು ಬಿಟ್ಟು ರಥ ಹತ್ತು, ಅದರಲ್ಲಿ ಕ್ರೌರ್ಯವೇನೂ ಇಲ್ಲ ಎಂದು ಇಂದ್ರ ಹೇಳಿದಾಗ ಯುಧಿಷ್ಠಿರ ಒಪ್ಪುವುದಿಲ್ಲ. ಶರಣು ಬಂದವರನ್ನು ಒಪ್ಪಿಸಿಬಿಡುವುದು, ಸ್ತ್ರೀಹತ್ಯೆ, ಬ್ರಹ್ಮಸ್ವವನ್ನು ಕದಿಯುವುದು, ಮಿತ್ರದ್ರೋಹ, ಈ ನಾಲ್ಕಕ್ಕೆ ಸಮನಾದದ್ದು ನಂಬಿದವರನ್ನು ಬಿಟ್ಟುಬಿಡುವುದು ಎಂಬುದು ಅವನ ವಾದ. ಕೊಲ್ಲುವುದಕ್ಕೂ ಬಿಡುವುದಕ್ಕೂ ನಡುವೆ ಜನ ಎಳೆದುಕೊಂಡ ಗೆರೆಯನ್ನು ಅವನು ಅಲ್ಲಿ ಅಳಿಸುತ್ತಾನೆ.

ಹೈದರಾಲಿ, ಟಿಪ್ಪು ಮಲಗಿರುವ ಗುಂಬಜ್ ಇರುವುದೂ ಗಂಜಾಂ ಬಳಿಯೇ. ಅವರ ಧರ್ಮದ ಹದೀಸ್‌ಗಳಲ್ಲಿ, ಬೆಕ್ಕನ್ನು ಕೂಡಿಹಾಕಿ ಅನ್ನ ನೀರು ಕೊಡದೆ, ತಾನಾಗಿ ತಿಂದುಕೊಳ್ಳಲೂ ಬಿಡದೆ ಸಾಯಿಸಿದ ಹೆಂಗಸಿಗೆ ನರಕ ಸಿಕ್ಕಿತೆಂಬ ಕಥೆ ಇದೆ. ಬೆಕ್ಕು ಅಶುದ್ಧವಲ್ಲ, ಮನೆಯೊಳಗೆ ಓಡಾಡಿಕೊಂಡಿರುವ ಜೀವ ಎಂಬ ಮಾತೂ ಇದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮು ಹಸಿವು, ಬಾಯಾರಿಕೆಗಳಿಂದ ನರಳುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ಬಿಟ್ಟುಹೋಗುವುದನ್ನು ಅಪರಾಧವೆಂದಿದೆ. ಆದರೆ ಮೊದಲ ಸಲದ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಒಂದು ಜೀವಕ್ಕೆ ಇದು ತೀರಾ ಅಗ್ಗದ ಬೆಲೆ.

‘ದೇವರು ನೋಡಿಕೊಳ್ಳುತ್ತಾನೆ’ ಎಂಬ ಮಾತಿಗೆ ಇದೇ ಸೀಮೆಯಲ್ಲಿ ದೊಡ್ಡ ಶಾಸ್ತ್ರಚರ್ಚೆಯ ಬೆಂಬಲವಿದೆ, ಮತ್ತು ಅದರ ದೃಷ್ಟಾಂತವೇ ಬೆಕ್ಕಿನ ಮರಿ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆ ರಾಮಾನುಜಾಚಾರ್ಯರು ನೆಲೆಸಿದ್ದ ಕ್ಷೇತ್ರ. ಅವರ ನಂತರ ಶ್ರೀವೈಷ್ಣವರು ತೆಂಗಲೆ, ವಡಗಲೆ ಎಂದು ಎರಡಾದಾಗ ಭಿನ್ನಾಭಿಪ್ರಾಯದ ನಡುವಿದ್ದದ್ದು ಭಗವಂತನ ಕೃಪೆಗೆ ಜೀವದ ಕಡೆಯಿಂದ ಏನಾದರೂ ಬೇಕೇ ಎಂಬ ಪ್ರಶ್ನೆ. ವೇದಾಂತ ದೇಶಿಕರ (1268–1369) ಹಾದಿಯ ವಡಗಲೆಯವರದು ಮರ್ಕಟಕಿಶೋರ ನ್ಯಾಯ: ಕೋತಿಮರಿ ತಾಯಿಯ ಹೊಟ್ಟೆಯನ್ನು ತಾನೇ ಅವುಚಿಕೊಳ್ಳುತ್ತದೆ, ಅಷ್ಟಾದರೂ ನೆಪ, ಅವರ ಮಾತಿನಲ್ಲಿ ‘ವ್ಯಾಜ’, ಬೇಕು. ಪಿಳ್ಳೈ ಲೋಕಾಚಾರ್ಯರ ಹಾದಿಯ ತೆಂಗಲೆಯವರದು ಮಾರ್ಜಾರಕಿಶೋರ ನ್ಯಾಯ: ಬೆಕ್ಕಿನ ಮರಿ ಏನೂ ಮಾಡುವುದಿಲ್ಲ, ತಾಯಿ ಬಾಯಲ್ಲಿ ಕಚ್ಚಿ ಎತ್ತಿಕೊಂಡು ಹೋಗುತ್ತದೆ, ಕೃಪೆಗೆ ಕಾರಣ ಬೇಕಿಲ್ಲ.

ಈ ಹೋಲಿಕೆ ಕಂಡುಕೊಂಡವರು ಬೆಕ್ಕನ್ನು ಚೆನ್ನಾಗಿ ನೋಡಿದ್ದವರು. ಹೆಗ್ಗತ್ತಿನ ಚರ್ಮ ಹಿಡಿದು ಎತ್ತಿದ ಕೂಡಲೇ ಎಳೆಮರಿ ಕೊಸರಾಟ ನಿಲ್ಲಿಸುತ್ತದೆ, ಹಿಂಗಾಲು ಮಡಚಿ ಬಾಲವನ್ನು ಹೊಟ್ಟೆಗೆ ಸೇರಿಸಿಕೊಂಡು ಮುದುಡುತ್ತದೆ. ಮೈ ಒಪ್ಪಿಸುವುದೊಂದೇ ಅದರ ಪಾಲು. ಆದರೆ ಎತ್ತುವುದಕ್ಕೆ ಮೊದಲು ಅದು ಕೂಗುತ್ತದೆ. ಆ ಕೂಗನ್ನು ವ್ಯಾಜವೆಂದು ಲೆಕ್ಕಕ್ಕೆ ಹಿಡಿದರೆ ಎರಡು ನ್ಯಾಯಗಳೂ ಒಂದೇ ಮರಿಯಲ್ಲಿ ಕೂಡುತ್ತವೆ. ಎರಡು ಪಂಥದ ವಿದ್ವಾಂಸರೂ ಇದನ್ನು ಒಪ್ಪಲಿಕ್ಕಿಲ್ಲ. ಮರಿಯನ್ನು ಎತ್ತಿ ಸಾಕಿದವರಿಗೆ ಮಾತ್ರ ಇದು ಸಹಜವಾಗಿ ಕಂಡೀತು.

ಈ ನ್ಯಾಯ ಹೇಳುವುದು ಭಗವಂತನ ಗುಣವನ್ನು. ಮನುಷ್ಯನ ಕೈಗೆ ಅದು ರಜೆ ಕೊಡುವುದಿಲ್ಲ. ದೃಷ್ಟಾಂತದ ಮರಿಗೆ ತಾಯಿ ಇದೆ. ಗೋಣಿಚೀಲದಲ್ಲಿ ಬಂದ ಮರಿಯನ್ನು ಆ ತಾಯಿಯಿಂದಲೇ ಕಿತ್ತು ತಂದಿರುತ್ತಾರೆ. ಹಾಗೆ ತಂದು ಗುಡಿಯ ಮುಂದೆ ಇಟ್ಟು ಕೈಮುಗಿಯುವುದನ್ನು ಶರಣಾಗತಿ ಎನ್ನಲಾಗದು. ಭರನ್ಯಾಸವೆಂದರೆ ತನ್ನ ಭಾರವನ್ನು ದೇವರ ಮೇಲಿಡುವುದು; ಇಲ್ಲಿ ಆಗುವುದು ತನ್ನ ಹೊಣೆಯ ಭಾರವನ್ನು ಮರಿಯ ಮೇಲೆ ಹೊರಿಸುವುದು.

ತಾಯಿ ಮಾಡುತ್ತಿದ್ದುದನ್ನೆಲ್ಲ ಎತ್ತಿಕೊಂಡವರು ಕೈಯಿಂದ ಮಾಡಬೇಕಾಗುತ್ತದೆ. ಏಳರಿಂದ ಹತ್ತು ದಿನಕ್ಕೆ ಕಣ್ಣು ಬಿಡುವ ಮರಿ ಮೊದಲ ಮೂರು ವಾರ ಮೈಯ ಬಿಸಿಯನ್ನು ತಾನಾಗಿ ಕಾಪಾಡಿಕೊಳ್ಳಲಾರದು. ಬಿಸಿನೀರು ತುಂಬಿದ ಬಾಟಲಿಗೆ ಹಳೆ ಪಂಚೆ ಸುತ್ತಿ ಪಕ್ಕದಲ್ಲಿಡಬೇಕು. ಮೈ ಬೆಚ್ಚಗಾಗುವ ಮೊದಲು ಹಾಲು ಕುಡಿಸಿದರೆ ಜೀರ್ಣವಾಗದು. ಹಸುವಿನ ಹಾಲಿಗೆ ಭೇದಿಯಾಗುವುದುಂಟು, ಬೆಕ್ಕಿನ ಮರಿಗೆಂದೇ ಮಾಡಿದ ಹಾಲಿನ ಪುಡಿ ಬೇಕು. ಎರಡು ಮೂರು ತಾಸಿಗೊಮ್ಮೆ, ರಾತ್ರಿಯೂ ಸೇರಿ, ಕುಡಿಸಬೇಕು. ಉಚ್ಚೆಯನ್ನೂ ಅದು ತಾನಾಗಿ ಹೊಯ್ಯಲಾರದು. ತಾಯಿ ನೆಕ್ಕಿ ಹೊಯ್ಯಿಸುತ್ತದೆ, ಸಾಕುವವರು ಒದ್ದೆ ಹತ್ತಿಯಿಂದ ಒರೆಸುತ್ತಾರೆ. ಎತ್ತುವ ಮೊದಲು ದೂರದಲ್ಲಿ ನಿಂತು ಕಾಯುವುದೂ ಈ ಕೆಲಸದ ಭಾಗವೇ. ಬೆಕ್ಕು ಜಾಗ ಬದಲಿಸುವಾಗ ಮರಿಗಳನ್ನು ಒಂದೊಂದಾಗಿ ಸಾಗಿಸುತ್ತದೆ. ಹುಲ್ಲಿನ ಮೆದೆಯಲ್ಲಿ ಒಂಟಿಯಾಗಿ ಕಂಡ ಮರಿ ತಾಯಿಯ ಮುಂದಿನ ಸರದಿಯದಾಗಿರಬಹುದು.

ಉಳಿಸಿದ ಮರಿ ಬೆಳೆದ ಮೇಲೆ ಇನ್ನೊಂದು ಪ್ರಶ್ನೆ ಏಳುತ್ತದೆ, ಧರ್ಮದ ದೃಷ್ಟಿಯಿಂದ ಇದೇ ಹೆಚ್ಚು ಕಠಿಣ. ಬೆಕ್ಕು ಮಾಂಸಾಹಾರಿ, ಅದಕ್ಕೆ ಅಗತ್ಯವಾದ ಟೌರಿನ್ ಎಂಬ ಪೋಷಕ ಮೊಸರನ್ನದಿಂದ ಸಾಕಷ್ಟು ಸಿಗದು, ಕೊರತೆಯಾದರೆ ಕಣ್ಣು, ಹೃದಯ ಕೆಡುತ್ತವೆ. ಒಂದು ಬೆಕ್ಕು ಉಳಿದರೆ ಎಷ್ಟೋ ಇಲಿ, ಮೀನು ಸಾಯುತ್ತವೆ. ರಾಜಸ್ಥಾನದಲ್ಲಿ 1760ರಲ್ಲಿ ಜೈನ ತೇರಾಪಂಥವನ್ನು ಸ್ಥಾಪಿಸಿದ ಆಚಾರ್ಯ ಭಿಕ್ಷು ಈ ತೊಡಕನ್ನು ನೇರವಾಗಿ ಎದುರಿಸಿದರು. ಬಲವಂತವಾಗಿ ಒಂದು ಜೀವವನ್ನು ಇನ್ನೊಂದರ ಬಾಯಿಂದ ಬಿಡಿಸುವುದು ಲೌಕಿಕ ದಯೆ, ಆತ್ಮದ ಏಳಿಗೆಗೆ ಬೇಕಾದ ಲೋಕೋತ್ತರ ದಯೆ ಬೇರೆ ಎಂದು ವಿಂಗಡಿಸಿದರು. ವಾದ ತರ್ಕಕ್ಕೆ ನಿಲ್ಲುತ್ತದೆ, ಆದರೆ ಅಂಗೈಯಲ್ಲಿ ನಡುಗುವ ಮರಿಯ ಮುಂದೆ ಅದನ್ನು ಹಿಡಿದು ನಿಲ್ಲುವುದು ಕಷ್ಟ.

ಸಾಕುವವರು ಈ ತೊಡಕಿನೊಳಗೇ ಕೆಲಸ ಮಾಡುತ್ತಾರೆ. ತಾವು ಮುಟ್ಟದ ಮೀನನ್ನು ಹಿತ್ತಲ ಒಲೆಯಲ್ಲಿ ಬೇಯಿಸಿ ಹಾಕುವ ಸಸ್ಯಾಹಾರಿಗಳಿದ್ದಾರೆ. ನಾಲ್ಕೈದು ತಿಂಗಳಿಗೇ ಗಬ್ಬವಾಗಬಲ್ಲ, ಒಂಬತ್ತು ವಾರಕ್ಕೆ ಮರಿ ಹಾಕುವ ಪ್ರಾಣಿಗೆ ಸಂತಾನಹರಣದ ಶಸ್ತ್ರಚಿಕಿತ್ಸೆ ಮಾಡಿಸುವುದು ಹಿಂಸೆಯೇ ಎಂದು ಅಳುಕಿದವರೂ ಕೊನೆಗೆ ಪಶುವೈದ್ಯರ ಬಳಿಗೆ ಒಯ್ಯುತ್ತಾರೆ. ಆ ಚಿಕಿತ್ಸೆಯ ನೋವು ಕೆಲವು ದಿನದ್ದು. ಅದು ಆಗದ ಮನೆಯಲ್ಲಿ ವರ್ಷಕ್ಕೆ ಎರಡು ಮೂರು ಸಲ ಮರಿಗಳು ಹುಟ್ಟುತ್ತವೆ, ಗೋಣಿಚೀಲ ಮತ್ತೆ ಹೊಳೆಯ ದಾರಿ ಹಿಡಿಯುತ್ತದೆ.