ಆಯ್ಕೆಯ ಹೊರೆ

ಆಯ್ಕೆಯಿಲ್ಲದ ಬಾಳು ಬಂಧನವೆಂಬುದು ನಿಜ. ಆದರೆ ಆಯ್ಕೆಗಳು ಹೆಚ್ಚಿದಂತೆಲ್ಲ ಸ್ವಾತಂತ್ರ್ಯವೂ ಹೆಚ್ಚುವುದೇ ಎಂಬುದು ವಿಚಾರಾರ್ಹವಾಗಿದೆ.

ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಮುಕ್ತ ತಂತ್ರಾಂಶವು ಗಣಕಯಂತ್ರಲೋಕದ ದಾಸೋಹವೇ ಸರಿ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಗಣಕಯಂತ್ರವನ್ನು ನಡೆಸುವ ಲಿನಕ್ಸ್ ಎಂಬ ತಿರುಳನ್ನು ಲೋಕಕ್ಕಿತ್ತನು. ಆ ಒಂದೇ ತಿರುಳಿನ ಸುತ್ತ 1993ರಲ್ಲಿ ಡೆಬಿಯನ್, 2004ರಲ್ಲಿ ಉಬುಂಟು, ಹೀಗೆ ನೂರಾರು ರೂಪಗಳು ಬೆಳೆದವು.

ಹಾನಗಲ್ಲಿನ ವಿದ್ಯಾರ್ಥಿಯು ಒಂದನ್ನು, ಶಿಗ್ಗಾಂವಿಯ ಶಾಲೆಯು ಮತ್ತೊಂದನ್ನು, ಸವಣೂರಿನ ಅಂಗಡಿಕಾರನು ಮೂರನೆಯದನ್ನು ಹಿಡಿದರೆನ್ನೋಣ. ತೊಡಕು ಬಂದಾಗ ಹಿರೇಕೆರೂರಿನ ಬಲ್ಲವನೂ ತಾನು ಬಳಸದ ರೂಪವನ್ನು ಕಂಡು ಕೈಚೆಲ್ಲುವನು. ಒಬ್ಬರ ಕಲಿಕೆ ಇನ್ನೊಬ್ಬರಿಗೆ ಒದಗದು. ತಂತ್ರಾಂಶ ಕಟ್ಟುವವರ ಶ್ರಮವೂ ಹರಿದು ಹಂಚಿಹೋಗುವುದು. ಕಡೆಗೆ ಬೇಸತ್ತವನು, ಹಣ ತೆತ್ತು, ಪರರು ಬೀಗ ಹಾಕಿದ ತಂತ್ರಾಂಶಕ್ಕೇ ಮರಳುವನು. ಮಿತಿಯರಿಯದ ಸ್ವಾತಂತ್ರ್ಯವು ಹೀಗೆ ಬಂಧನಕ್ಕೇ ದಾರಿಯಾಗುವುದು.

ಇದು ಕೊಟ್ಟವರ ತಪ್ಪಲ್ಲ; ಕೊಂಡವರು ಕೂಡಿ ನಿರ್ಧರಿಸದ ತಪ್ಪು. ಕೇರಳದ ಸರಕಾರಿ ಶಾಲೆಗಳು ಒಂದೇ ಮುಕ್ತ ವ್ಯವಸ್ಥೆಯನ್ನು ಆಯ್ದು, ಶಿಕ್ಷಕರಿಗೂ ಮಕ್ಕಳಿಗೂ ಅದನ್ನೇ ಕಲಿಸಿದುದು ಅನುಕರಣೀಯವಾದುದು.

ಪಂಕ್ತಿಯಲ್ಲಿ ಕುಳಿತ ಹಸಿದವನಿಗೆ ಪಾತ್ರೆಗಳ ಲೆಕ್ಕ ಬೇಡ, ಎಲೆಗೆ ಬಿದ್ದ ಅನ್ನ ಬೇಕು. ವಿವೇಕದಿಂದ ಒಂದನ್ನು ಆಯ್ದು, ನಿಷ್ಠೆಯಿಂದ ಅದರಲ್ಲಿ ನಿಂತು, ಅರಿತುದನ್ನು ನೆರೆಯವರಿಗೆ ಹಂಚುವುದೇ ಸ್ವಾತಂತ್ರ್ಯದ ಸಾರ್ಥಕತೆ.