ಕೊಡಲಿಯ ತಲೆಯೋ, ಹಾಯುವ ಎತ್ತೋ?

ಇವತ್ತಿನ ಧ್ಯಾನಕ್ಕೆ ಮೂರು ವಾಕ್ಯಭಾಗ ಇವೆ: ಧರ್ಮೋಪದೇಶಕಾಂಡ 19:5, ವಿಮೋಚನಕಾಂಡ 21:28-29, ಧರ್ಮೋಪದೇಶಕಾಂಡ 22:8. ಗುರುತು ಹಾಕಿಕೊಳ್ಳಿ, ಮನೆಗೆ ಹೋಗಿ ನಿಧಾನವಾಗಿ ಓದಿ.

ವಿಷಯ ಏನು ಅಂದ್ರೆ, ಮರದ ಅಂಗಡಿಯಲ್ಲಿ ಗರಗಸಕ್ಕೆ ಸಿಕ್ಕಿ ಒಬ್ಬನ ಬೆರಳು ಹೋದರೆ, ಆ ಬೆರಳಿನ ಲೆಕ್ಕವನ್ನು ದೇವರು ಯಾರ ಹತ್ತಿರ ಕೇಳ್ತಾನೆ?

ಇದೇನು ಸಭೆಯಲ್ಲಿ ಮಾತಾಡೋ ವಿಷಯನಾ ಅಂತ ಕೆಲವರಿಗೆ ಅನಿಸಬಹುದು. ತೆರಕಣಾಂಬಿಯಿಂದ ಆ ಕಡೆ ಗುಂಡ್ಲುಪೇಟೆಗೆ, ಈ ಕಡೆ ಚಾಮರಾಜನಗರಕ್ಕೆ ಹೋಗುವ ರಸ್ತೆಯನ್ನು ನೋಡಿ. ಅರಿಶಿನಕ್ಕೋ ಈರುಳ್ಳಿಗೋ ಒಳ್ಳೆ ರೇಟು ಸಿಕ್ಕಿದ ವರ್ಷ ಮನೆ ಕಟ್ಟೋರು ಜಾಸ್ತಿ. ಮನೆ ಅಂದ್ಮೇಲೆ ಬಾಗಿಲು, ಕಿಟಕಿ, ಮಂಚ. ಶೀಟು ಹೊದಿಸಿದ ಶೆಡ್ಡು, ಒಂದು ಸರ್ಕಲ್ ಗರಗಸ, ಒಂದು ಪ್ಲೇನರ್, ಇಬ್ಬರೋ ಮೂವರೋ ಹುಡುಗರು. ಅಂಥ ಅಂಗಡಿಯ ಯಜಮಾನರೂ ನಮ್ಮ ನಡುವೆ ಇದ್ದಾರೆ, ಅಲ್ಲಿ ದುಡಿಯುವವರೂ ಇದ್ದಾರೆ. ಒಂದೇ ಕರ್ತನ ಮೇಜಿನಲ್ಲಿ ಒಂದೇ ರೊಟ್ಟಿ ಮುರಿಯುವವರು. ಆದ್ದರಿಂದ ಇದು ಸಭೆಯ ವಿಷಯವೇ.

ನನಗೆ ಗೊತ್ತಿರುವ ಒಬ್ಬ ಯುವಕ. ಹೆಸರು ಬೇಡ, ಊರೂ ಬೇಡ. ಗಾರ್ಡ್ ಇಲ್ಲದ ಗರಗಸದಲ್ಲಿ ರೀಪರ್ ಸೀಳುವಾಗ ಬಲಗೈ ಹೆಬ್ಬೆರಳು ಬುಡದಿಂದ ಹೋಯ್ತು. ಹಿಂದಿನ ವರ್ಷ ಅದೇ ಮೆಷಿನ್ ಇನ್ನೊಬ್ಬನ ಬೆರಳ ತುದಿ ತೆಗೆದಿತ್ತು. ಯಜಮಾನ ಆಸ್ಪತ್ರೆ ಬಿಲ್ ಕಟ್ಟಿದ, ಕೈಗೆ ಹತ್ತು ಸಾವಿರ ಕೊಟ್ಟ, "ಇನ್ನು ಏನೂ ಕೇಳುವುದಿಲ್ಲ" ಅಂತ ಒಂದು ಕಾಗದಕ್ಕೆ ಎಡಗೈಯಲ್ಲಿ ಸಹಿ ಹಾಕಿಸಿಕೊಂಡ. ಹುಡುಗನ ತಾಯಿ, "ಅವ್ನ ಹಣೇಲಿ ಬರ್ದಿತ್ತು ಕಣಪ್ಪ, ಏನ್ ಮಾಡಕ್ಕಾದದು" ಅಂದ್ರು. ಸಂಬಂಧಿಕರು, "ನಾವು ವಿಶ್ವಾಸಿಗಳು, ಕೋರ್ಟು ಕಚೇರಿ ಅಂತ ಹೋಗಬಾರದು" ಅಂದ್ರು. ಆ ಹುಡುಗ ನನ್ನನ್ನ ಕೇಳಿದ್ದು ಒಂದೇ ಮಾತು: "ಪಾಸ್ಟರ್, ನಾನು ಅವರನ್ನ ಕ್ಷಮಿಸಿದೀನಿ. ಕ್ಷಮಿಸಿದ್ಮೇಲೆ ಪರಿಹಾರ ಕೇಳೋದು ಪಾಪನಾ?"

ಪ್ರಿಯರೇ, ಈ ಪ್ರಶ್ನೆಗೆ ವಾಕ್ಯದಿಂದ ಉತ್ತರ ಹುಡುಕೋಣ.

ಮೊದಲನೆಯದಾಗಿ, ಎಲ್ಲ ಅಪಘಾತವೂ ಒಂದೇ ಅಲ್ಲ.

ಧರ್ಮೋಪದೇಶಕಾಂಡ 19ರಲ್ಲಿ ಇಬ್ಬರು ಮರ ಕಡಿಯಲು ಕಾಡಿಗೆ ಹೋಗ್ತಾರೆ. ಒಬ್ಬ ಕೊಡಲಿ ಎತ್ತಿ ಹೊಡೆಯುವಾಗ ಕೊಡಲಿಯ ತಲೆ ಕಾವಿನಿಂದ ಜಾರಿ ಇನ್ನೊಬ್ಬನಿಗೆ ಬಡಿದು ಅವನು ಸಾಯ್ತಾನೆ. ಮರಗೆಲಸದ ಅಪಘಾತವೇ ಇದು! ಅಲ್ಲಿ ದ್ವೇಷ ಇರಲಿಲ್ಲ, ಹಾಗಾಗುತ್ತೆ ಅಂತ ಗೊತ್ತಿರಲೂ ಇಲ್ಲ. ಅಂಥವನಿಗೆ ದೇವರು ಆಶ್ರಯನಗರ ಕೊಟ್ಟನು.

ಈಗ ವಿಮೋಚನಕಾಂಡ 21ಕ್ಕೆ ಬನ್ನಿ. ಒಂದು ಎತ್ತು ಮನುಷ್ಯನನ್ನು ಹಾಯ್ದು ಕೊಂದರೆ, ಎತ್ತಿಗೆ ಶಿಕ್ಷೆ, ಯಜಮಾನ ನಿರಪರಾಧಿ. ಆದರೆ ಆ ಎತ್ತು ಮೊದಲಿಂದಲೂ ಹಾಯುತ್ತಿತ್ತು, ಜನ ಬಂದು ಹೇಳಿಯೂ ಇದ್ದರು, ಆದರೂ ಅವನು ಕಟ್ಟಿಹಾಕಲಿಲ್ಲ ಅಂದ್ರೆ? ಆಗ ಯಜಮಾನನೇ ಅಪರಾಧಿ. ನೋಡಿ, ಎತ್ತು ಅದೇ, ಕೊಂಬೂ ಅದೇ. ಬದಲಾಗಿದ್ದು ಒಂದೇ, ಯಜಮಾನನಿಗೆ ಗೊತ್ತಿತ್ತು.

ಹಾಗಾದರೆ ಗಾರ್ಡ್ ಇಲ್ಲದ ಗರಗಸ ಇದರಲ್ಲಿ ಯಾವುದು? ಜಾರಿದ ಕೊಡಲಿಯೋ, ಹಾಯುವ ಎತ್ತೋ?

ಮರಗೆಲಸ ಮಾಡುವ ಸಹೋದರರಿಗೆ ಇದು ನನಗಿಂತ ಚೆನ್ನಾಗಿ ಗೊತ್ತು. ಬ್ಲೇಡಿನ ಮುಂಭಾಗದ ಹಲ್ಲುಗಳು ಕೆಳಕ್ಕೆ ಇಳಿಯುತ್ತವೆ, ಹಿಂಭಾಗದ ಹಲ್ಲುಗಳು ಮೇಲಕ್ಕೆ ಏಳುತ್ತವೆ. ಹಸಿ ಮರ ಸೀಳುವಾಗ ಸೀಳು ಮತ್ತೆ ಮುಚ್ಚಿಕೊಂಡು ಬ್ಲೇಡಿನ ಹಿಂಭಾಗವನ್ನು ಕಚ್ಚುತ್ತದೆ. ಆಗ ಏಳುವ ಹಲ್ಲುಗಳು ಹಲಗೆಯನ್ನು ಎತ್ತಿ ದುಡಿಯುವವನ ಎದೆಗೇ ಎಸೆಯುತ್ತವೆ. ಹಲಗೆ ಹಿಡಿದಿದ್ದ ಕೈ ಬ್ಲೇಡಿನ ಮೇಲೆ ಬೀಳುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುತ್ತೆ. ಎಷ್ಟೇ ನುರಿತ ಬಡಗಿ ಆದರೂ ಆ ವೇಗಕ್ಕೆ ಕೈ ಹಿಂದೆಗೆಯಲಾರ. ಇದಕ್ಕೆ ಪರಿಹಾರವೂ ಗೊತ್ತಿರೋದೇ. ಬ್ಲೇಡಿನ ಹಿಂದೆ ಸೀಳು ಮುಚ್ಚದ ಹಾಗೆ ತಡೆಯುವ ಒಂದು ಕಬ್ಬಿಣದ ಪಟ್ಟಿ, ಮೇಲೆ ಒಂದು ಗಾರ್ಡ್, ಸಣ್ಣ ತುಂಡು ತಳ್ಳಲು ಒಂದು ಕೋಲು, ಕೈಗೆಟುಕುವ ಕಡೆ ಸ್ವಿಚ್ಚು.

ಇಷ್ಟೆಲ್ಲ ಗೊತ್ತಿದ್ದೂ, "ಗಾರ್ಡ್ ಇದ್ರೆ ಕೆಲಸ ನಿಧಾನ" ಅಂತ ಬಿಚ್ಚಿಟ್ಟರೆ, ಅಥವಾ ಗಾರ್ಡೇ ಇಲ್ಲದ ಮೆಷಿನ್ ಕಡಿಮೆ ರೇಟಿಗೆ ಸಿಕ್ತು ಅಂತ ತಂದು ನಿಲ್ಲಿಸಿದರೆ, ಅದು ಜಾರಿದ ಕೊಡಲಿ ಅಲ್ಲ. ಹೋದ ವರ್ಷ ಒಬ್ಬನ ಬೆರಳ ತುದಿ ತೆಗೆದ ಮೆಷಿನ್ ಹಾಯ್ದ ಎತ್ತು. ಅದನ್ನು ಕಟ್ಟಿಹಾಕದೆ ಇನ್ನೊಬ್ಬನನ್ನು ಅದರ ಮುಂದೆ ನಿಲ್ಲಿಸಿ, ಆಮೇಲೆ "ದೇವರ ಚಿತ್ತ" ಅಂದರೆ, ನಮ್ಮ ತಪ್ಪಿನ ಬಿಲ್ಲನ್ನು ದೇವರ ಹೆಸರಿಗೆ ಬರೆದ ಹಾಗಾಯ್ತು. ಆತನ ನಾಮವನ್ನು ವ್ಯರ್ಥವಾಗಿ ಎತ್ತುವುದು ಅಂದರೆ ಇದೂ ಸೇರುತ್ತೆ ಪ್ರಿಯರೇ.

ಎರಡನೆಯದಾಗಿ, ಬಿದ್ದ ಮೇಲೆ ಅಲ್ಲ, ಬೀಳುವ ಮೊದಲು.

ಧರ್ಮೋಪದೇಶಕಾಂಡ 22:8ರಲ್ಲಿ ಹೊಸ ಮನೆ ಕಟ್ಟುವವನಿಗೆ ಮಾಳಿಗೆಯ ಸುತ್ತ ಗೋಡೆ ಕಟ್ಟಬೇಕೆಂಬ ಆಜ್ಞೆ ಇದೆ. ಇಲ್ಲದಿದ್ದರೆ ಯಾರಾದರೂ ಬಿದ್ದಾಗ ಆ ರಕ್ತದ ಅಪರಾಧ ಮನೆಯ ಮೇಲೆ ಬರುತ್ತದೆ. ಗಮನಿಸಿ, ಅಲ್ಲಿ ಇನ್ನೂ ಯಾರೂ ಬಿದ್ದಿಲ್ಲ. "ನೋಡಿಕೊಂಡು ನಡೆಯಬೇಕಿತ್ತು" ಅನ್ನೋ ವಾದಕ್ಕೆ ದೇವರು ಜಾಗವನ್ನೇ ಕೊಡಲಿಲ್ಲ. ಮನುಷ್ಯ ಸುಸ್ತಾಗ್ತಾನೆ, ಅವನ ಗಮನ ತಪ್ಪುತ್ತೆ, ಇದು ಸೃಷ್ಟಿಕರ್ತನಿಗೆ ಗೊತ್ತು. ಆದ್ದರಿಂದ ಎಡವುವವನಿಗೋಸ್ಕರವೇ ಗೋಡೆ. ಸಣ್ಣ ಮನೆಗೆ ರಿಯಾಯಿತಿ ಅಂತಲೂ ಬರೆದಿಲ್ಲ.

ನಮ್ಮ ದೇಶದ ಕಾನೂನು ಕೂಡ ಇದೇ ದಾರಿಯಲ್ಲಿ ನಡೆದಿದೆ. 1948ರ ಕಾರ್ಖಾನೆ ಕಾಯ್ದೆ ಅಪಾಯದ ಯಂತ್ರಕ್ಕೆ ಬೇಲಿ ಹಾಕಬೇಕೆಂದಿತು. ಆದರೆ ವಿದ್ಯುತ್ ಬಳಸುವ ಕಡೆ ಅದರ ಲೆಕ್ಕ ಶುರುವಾಗುತ್ತಿದ್ದದ್ದು ಹತ್ತು ಜನರಿಂದ. 2020ರ ಸಂಹಿತೆ ಅದನ್ನು ಇಪ್ಪತ್ತಕ್ಕೆ ಏರಿಸಿತು. ಮೂರು ಜನರ ಶೆಡ್ಡಿಗೆ ಇನ್‌ಸ್ಪೆಕ್ಟರ್ ಬರೋದಿಲ್ಲ. ಆದರೆ ಪರಿಹಾರದ ಹೊಣೆ ಬೇರೆ. 1923ರ ಕಾರ್ಮಿಕರ ಪರಿಹಾರ ಕಾಯ್ದೆಯಿಂದ ಇವತ್ತಿನ 2020ರ ಸಾಮಾಜಿಕ ಭದ್ರತಾ ಸಂಹಿತೆಯವರೆಗೆ ತತ್ವ ಒಂದೇ: ಕೆಲಸದಲ್ಲಿ, ಕೆಲಸದಿಂದ ಗಾಯವಾದರೆ ಕೆಲಸ ಕೊಟ್ಟವನು ಕೊಡಬೇಕು. ಅವನ ತಪ್ಪನ್ನು ಕಾರ್ಮಿಕ ಸಾಬೀತು ಮಾಡಬೇಕಾಗಿಲ್ಲ. ಕಾರ್ಮಿಕನ ಅಜಾಗ್ರತೆಯೊಂದೇ ನೆಪವಾಗುವುದಿಲ್ಲ. ಕುಡಿದಿದ್ದರೆ, ಹೇಳಿದ ನಿಯಮವನ್ನು ಬೇಕೆಂದೇ ಮೀರಿದ್ದರೆ, ಇದ್ದ ಗಾರ್ಡನ್ನು ಬೇಕೆಂದೇ ತೆಗೆದಿದ್ದರೆ ಮಾತು ಬೇರೆ. ಅಲ್ಲೂ ಸಾವೋ ಪೂರ್ಣ ಶಾಶ್ವತ ಅಂಗವೈಕಲ್ಯವೋ ಆದರೆ ಆ ನೆಪವೂ ನಡೆಯುವುದಿಲ್ಲ.

ಮೂರನೆಯದಾಗಿ, ಕೈಯ ಬೆಲೆ.

ವಿಮೋಚನಕಾಂಡ 21:19ರಲ್ಲಿ ಗಾಯ ಮಾಡಿದವನು ಎರಡು ಕೊಡಬೇಕು: ಕೆಲಸ ತಪ್ಪಿದ ದಿನಗಳ ನಷ್ಟ, ಪೂರ್ತಿ ವಾಸಿಯಾಗುವವರೆಗಿನ ಖರ್ಚು. ಅಂದರೆ ಆಸ್ಪತ್ರೆ ಬಿಲ್ ಅರ್ಧ ಬಾಕಿ ಮಾತ್ರ. ಕಾಯ್ದೆಯ ಪಟ್ಟಿಯಲ್ಲಿ ಹೆಬ್ಬೆರಳು ಪೂರ್ತಿ ಹೋದರೆ ದುಡಿಯುವ ಶಕ್ತಿಯ ನಷ್ಟ ನೂರಕ್ಕೆ 30, ಒಂದು ಕೈಯ ನಾಲ್ಕು ಬೆರಳು ಹೋದರೆ 50. ತಿಂಗಳಿಗೆ 15,000 ರೂಪಾಯಿ ಸಂಬಳದ 30 ವರ್ಷದವನಿಗೆ ಹೆಬ್ಬೆರಳು ಹೋದರೆ ಲೆಕ್ಕ 5 ಲಕ್ಷ 60 ಸಾವಿರ ದಾಟುತ್ತದೆ. ಚಿಕಿತ್ಸೆಯ ಖರ್ಚು ಬೇರೆ. ಹತ್ತು ಸಾವಿರ ಎಲ್ಲಿ, ಇದೆಲ್ಲಿ! "ಇಪ್ಪತ್ತು ರೂಪಾಯಿ ಸುರಕ್ಷಾ ಬಿಮಾ ಇದೆಯಲ್ಲ" ಅಂತಾರೆ. ಅದು ಕೈಗೋ ಕಾಲಿಗೋ ಕಣ್ಣಿಗೋ, ಬೆರಳಿಗಲ್ಲ.

ಪಟ್ಟಿಯಲ್ಲಿ ಇರುವುದೇ ಕೊನೆಯ ಮಾತೂ ಅಲ್ಲ. 1968ರಲ್ಲಿ ಒಡಿಶಾದಲ್ಲಿ ಸಿನೆಮಾ ಮಂದಿರದ ಅಲಂಕಾರದ ಕೆಲಸಕ್ಕಿದ್ದ ಒಬ್ಬ ಬಡಗಿ ಬಿದ್ದು ಎಡಗೈಯನ್ನು ಮೊಣಕೈ ಮೇಲೆ ಕತ್ತರಿಸಬೇಕಾಯ್ತು. ಯಜಮಾನ, "ಇನ್ನೊಂದು ಕೈ ಇದೆಯಲ್ಲ, ಇದು ಭಾಗಶಃ ನಷ್ಟ" ಅಂತ ಸುಪ್ರೀಂ ಕೋರ್ಟಿನವರೆಗೂ ವಾದಿಸಿದ. 1975ರ ಡಿಸೆಂಬರಿನಲ್ಲಿ ನಾಲ್ವರು ನ್ಯಾಯಮೂರ್ತಿಗಳು ತೀರ್ಪು ಕೊಟ್ಟರು. ಒಂದೇ ಕೈಯಲ್ಲಿ ಬಡಗಿಕೆಲಸ ಆಗುವುದಿಲ್ಲ, ಆದ್ದರಿಂದ ಅವನ ನಷ್ಟ ಪೂರ್ತಿ. ಹಣ ಕೊಡುವ ಹೊಣೆಯೂ ಅಪಘಾತವಾದ ದಿನದಿಂದಲೇ. ತಡ ಮಾಡಿದ್ದಕ್ಕೆ ದಂಡ, ಬಡ್ಡಿ ಎರಡೂ ಬಿತ್ತು.

ಮಾರ್ಕ 3ರಲ್ಲಿ ಕೈ ಬತ್ತಿದ ಮನುಷ್ಯ ನಿಮಗೆ ನೆನಪಿರಬೇಕು. ಸುವಾರ್ತೆ ಅವನ ಕಸುಬು ಹೇಳುವುದಿಲ್ಲ. ಆದರೆ ಜೆರೋಮ್ ಎಂಬ ಹಳೆಯ ಸಭಾಪಂಡಿತ ಒಂದು ಸಂಪ್ರದಾಯವನ್ನು ಬರೆದಿಟ್ಟಿದ್ದಾನೆ. ಅದರ ಪ್ರಕಾರ ಅವನು ಗಾರೆ ಕೆಲಸದವನು. ಭಿಕ್ಷೆ ಬೇಡುವ ನಾಚಿಕೆ ಬೇಡ, ಕೈ ಕೊಡು ಅಂತ ಯೇಸುವನ್ನು ಬೇಡಿಕೊಂಡನಂತೆ. ಅದು ಸತ್ಯವೇದದ ಮಾತಲ್ಲ, ಆದರೆ ಅರ್ಥ ನೋಡಿ. ದುಡಿಯುವವನಿಗೆ ಕೈ ಅಂದ್ರೆ ಮಾನ.

ಈಗ ಆ ಹುಡುಗನ ಪ್ರಶ್ನೆಗೆ ಬರೋಣ. ಕ್ಷಮಿಸಿದ ಮೇಲೆ ಕೇಳುವುದು ಪಾಪವೋ?

ಜಕ್ಕಾಯನನ್ನು ನೋಡಿ, ಲೂಕ 19. ಯೇಸು ಅವನನ್ನು ಹೆಸರು ಹಿಡಿದು ಕರೆದು ಅವನ ಮನೆಗೇ ಬಂದನು. ಕೃಪೆ ಮೊದಲು ಬಂತು. ಕೃಪೆ ಸಿಕ್ಕಿದವನು "ಹಾಗಾದ್ರೆ ಬಾಕಿ ಚುಕ್ತಾ" ಅನ್ನಲಿಲ್ಲ. ಎದ್ದು ನಿಂತು ನಾಲ್ಕರಷ್ಟು ಹಿಂದಿರುಗಿಸ್ತೀನಿ ಅಂದ. ಕ್ಷಮೆ ಮನಸ್ಸಿನ ಕಹಿಯನ್ನು ತೆಗೆಯುತ್ತೆ, ಬಾಕಿಯನ್ನು ಅಳಿಸುವುದಿಲ್ಲ. ಹಗೆ ಇಲ್ಲದೆ ಬಾಕಿ ಕೇಳಬಹುದು.

ಹಾಗಾದರೆ 1 ಕೊರಿಂಥ 6? ಅಲ್ಲಿ ಪೌಲನು ಸಹೋದರರು ಸಹೋದರರ ಮೇಲೆ ವ್ಯಾಜ್ಯಕ್ಕೆ ಹೋಗುವುದನ್ನು ಖಂಡಿಸ್ತಾನೆ, ನಿಜ. ಅನ್ಯಾಯ ಸಹಿಸಿಕೊಳ್ಳುವುದು ಲೇಸು ಅಂತಲೂ ಹೇಳ್ತಾನೆ, ಅದೂ ನಿಜ. ಆದರೆ ಅಲ್ಲಿಗೇ ನಿಲ್ಲಬೇಡಿ. ಐದನೇ ವಚನದಲ್ಲಿ, ತೀರ್ಮಾನ ಮಾಡಬಲ್ಲ ಒಬ್ಬ ಬುದ್ಧಿವಂತನೂ ನಿಮ್ಮಲ್ಲಿಲ್ಲವೋ ಅಂತ ಸಭೆಯನ್ನೇ ಕೇಳ್ತಾನೆ. ಎಂಟನೆಯದರಲ್ಲಿ ಸಹೋದರನಿಗೆ ಮೋಸ ಮಾಡುವವನ ಕಡೆಗೇ ಬೆರಳು ತೋರಿಸ್ತಾನೆ. ನಾವು ಸಭೆಯಲ್ಲಿ ನ್ಯಾಯವನ್ನೂ ಮಾಡದೆ, ಹೊರಗೆ ಹೋಗಲೂ ಬಿಡದೆ, ಬೆರಳು ಕಳಕೊಂಡವನಿಗೆ ಮಾತ್ರ "ಸಹಿಸಿಕೋ" ಅಂದರೆ, ಪೌಲನ ಮಾತಿನ ಅರ್ಧವನ್ನು ಬಲವಂತನ ಜೇಬಿಗೆ ಹಾಕಿದ ಹಾಗೆ. ಇದೇ ಪೌಲನು ಅನ್ಯಾಯವಾಗಿ ಹೊಡೆಯಲು ಬಂದಾಗ ತನ್ನ ರೋಮ್ ಪೌರತ್ವವನ್ನು ಹೇಳಿಕೊಂಡ, ಅಪೊಸ್ತಲರ ಕೃತ್ಯಗಳು 22:25. ಹಕ್ಕನ್ನು ಹೇಳಿಕೊಳ್ಳುವುದು ಅವನ ವಿಶ್ವಾಸವನ್ನು ಕಡಿಮೆ ಮಾಡಲಿಲ್ಲ.

ಆ ಹುಡುಗನಿಗೆ ನಾನು ಹೇಳಿದ್ದು: ಮಗನೇ, ಪಾಪವಲ್ಲ. ಪರಿಹಾರ ಬೇಡ ಅಂತ ಬರೆಸಿಕೊಂಡ ಕಾಗದಕ್ಕೆ ಆ ಕಾಯ್ದೆಯಲ್ಲಿ ಬೆಲೆ ಇಲ್ಲ. ಅಪಘಾತವಾಗಿ ಎರಡು ವರ್ಷದೊಳಗೆ ಆಯುಕ್ತರ ಮುಂದೆ ಅರ್ಜಿ ಹಾಕಬೇಕು. ಮೊದಲು ಯಜಮಾನನ ಹತ್ತಿರ ಇಬ್ಬರು ಹಿರಿಯರನ್ನು ಕರೆದುಕೊಂಡು ಹೋಗಿ ಪ್ರೀತಿಯಿಂದ ಕೇಳು. ಕೊಡದಿದ್ದರೆ ಅರ್ಜಿ ಹಾಕು, ಅವನಿಗೋಸ್ಕರ ಪ್ರಾರ್ಥನೆಯನ್ನೂ ನಿಲ್ಲಿಸಬೇಡ.

ಯಜಮಾನರಾದ ಸಹೋದರರೇ, ನಿಮ್ಮ ಕಷ್ಟವೂ ಕರ್ತನಿಗೆ ಗೊತ್ತು. ಮೆಷಿನ್ ಸಾಲ, ಕರೆಂಟ್ ಬಿಲ್, ಸಮಯಕ್ಕೆ ಹಣ ಕೊಡದ ಗಿರಾಕಿ. ಐದು ಲಕ್ಷ ಒಮ್ಮೆಗೆ ಅಂದ್ರೆ ಅಂಗಡಿಯೇ ಮುಳುಗಬಹುದು. ಅದಕ್ಕೇ ಗೋಡೆ ಮೊದಲೇ ಕಟ್ಟಿ. ಗಾರ್ಡ್ ಹಾಕಿಸಿ. ಕೈ ಮೆಷಿನ್ನಿಗೆ ಮರದ ಬ್ಲೇಡ್ ಸಿಕ್ಕಿಸಿ ಹುಡುಗರ ಕೈಗೆ ಕೊಡಬೇಡಿ. ತಿರುಗುವ ಬ್ಲೇಡಿನ ಮುಂದೆ ಬಟ್ಟೆ ಗ್ಲೌಸ್ ಬೇಡ, ಅದು ಕೈಯನ್ನೇ ಎಳೆದುಕೊಳ್ಳುತ್ತೆ. ಮರದ ಧೂಳಿಗೆ ಮಾಸ್ಕ್ ಕೊಡಿ, ಆ ಧೂಳು ಮೂಗಿನ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗವೇ ಹೇಳಿದೆ. ನೌಕರರ ಪರಿಹಾರಕ್ಕಂತಲೇ ವಿಮೆ ಇದೆ, ಮಾಡಿಸಿ. ದುಡಿಯುವ ತಮ್ಮಂದಿರೇ, ಹಾಕಿದ ಗಾರ್ಡನ್ನು ನೀವು ಬಿಚ್ಚಬೇಡಿ. ನಿಮ್ಮ ದೇಹ ಪವಿತ್ರಾತ್ಮನ ಆಲಯ, ಬೆರಳೂ ಅದರಲ್ಲಿ ಸೇರಿದೆ.

ನಮ್ಮ ಕರ್ತನನ್ನು ಊರಿನವರು ಬಡಗಿ ಅಂತಲೇ ಕರೆದರು, ಮಾರ್ಕ 6:3. ಉಳಿಯ ಗಾಯ ಎಷ್ಟು ಉರಿಯುತ್ತೆ ಅಂತ ಆತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಪ್ರಾರ್ಥನೆ ಮಾಡೋಣ. ಪರಲೋಕದ ತಂದೆಯೇ, ಗರಗಸದ ಮುಂದೆ ನಿಲ್ಲುವ ಪ್ರತಿಯೊಂದು ಕೈಯನ್ನೂ ಕಾಪಾಡು. ಗೋಡೆ ಕಟ್ಟಬೇಕಾದವರಿಗೆ ಇವತ್ತೇ ಕಟ್ಟುವ ಮನಸ್ಸು ಕೊಡು. ಕಳಕೊಂಡವರಿಗೆ ಬಾಯಿ ಕೊಡು, ಕೊಡಬೇಕಾದವರಿಗೆ ಜಕ್ಕಾಯನ ಹೃದಯ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.